ತಲೆ ಓಲಾಡುವ ರೇಜರ್ ಗಾಯ ಮಾಡುವುದೇ ಇಲ್ಲವೇ? ಹಿಡಿ, ಕೋನ ಮತ್ತು ಬ್ಲೇಡಿನ ನಿಜ ಲೆಕ್ಕ

ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರುವಿನಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳುಹಿಸಿ, 'ಇದು ಹೌದಾ?' ಎಂದು ಕೇಳಿದ್ದರು. ಫಾರ್ವರ್ಡ್‌ನಲ್ಲಿ ಇದ್ದದ್ದು ಇಷ್ಟು: ತಲೆ ಓಲಾಡುವ, ಐದು ಬ್ಲೇಡಿನ ರೇಜರ್ ಚರ್ಮವನ್ನು ಕೊಯ್ಯಲು ಸಾಧ್ಯವೇ ಇಲ್ಲ, ಕಣ್ಣು ಮುಚ್ಚಿಕೊಂಡೂ ಶೇವ್ ಮಾಡಬಹುದು, ಬ್ಲೇಡ್ ಒಳಗೆ ಅಡಗಿರುವುದರಿಂದ ಮನೆಮಂದಿಗೆಲ್ಲ ಒಂದೇ ರೇಜರ್ ಸಾಕು.

ಅವರು ಸುಮ್ಮನೆ ಕುತೂಹಲಕ್ಕೆ ಕೇಳಿದ್ದಲ್ಲ. ತಂದೆಗೆ ಪಾರ್ಶ್ವವಾಯು ಆಗಿ ಮಲಗಿದಲ್ಲೇ ಇದ್ದಾರೆ. ಸಕ್ಕರೆ ಕಾಯಿಲೆ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ನಡೆಯುತ್ತಿದೆ. ಮಳೆಗಾಲದಲ್ಲಿ ಕ್ಷೌರಿಕರನ್ನು ಮನೆಗೆ ಕರೆಸುವುದು ಕಷ್ಟ. ಹಾಗಾಗಿ ಗಡ್ಡ ತೆಗೆಯುವ ಕೆಲಸ ಮಗನ ಪಾಲಿಗೆ ಬಂದಿದೆ. 'ಹಳೇ ರೇಜರ್‌ನಲ್ಲಿ ಒಮ್ಮೆ ಕೆನ್ನೆ ಕೊಯ್ದದ್ದು ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಈ ತಲೆ ತಿರುಗುವ ರೇಜರ್ ತಕೊಂಡರೆ ಆ ಭಯ ಇಲ್ಲವಾ?' ಎಂದು ಬರೆದಿದ್ದರು. ('ತಲೆ ತಿರುಗುವ ರೇಜರ್' ಎಂದರೆ ರೇಜರಿಗೇ ತಲೆಸುತ್ತು ಬಂದಂತೆ ಕೇಳುತ್ತದೆ. ಈ ಲೇಖನದಲ್ಲಿ ನಾವು 'ಓಲಾಡುವ ತಲೆ' ಎನ್ನುತ್ತೇವೆ.)

ಚುಟುಕು ಉತ್ತರ: ಓಲಾಡುವ ತಲೆ ಬ್ಲೇಡಿನ ಕೋನವನ್ನು ಕಾಯುತ್ತದೆ. ಅಷ್ಟೇ. ನೀವು ಹಾಕುವ ಒತ್ತಡವನ್ನು ಅದು ಪೂರ್ತಿ ತಡೆಯುವುದಿಲ್ಲ. ರೇಜರ್ ಅಡ್ಡಕ್ಕೆ ಜಾರುವುದನ್ನು ತಡೆಯುವುದಿಲ್ಲ. ಒಬ್ಬರ ರಕ್ತದಲ್ಲಿರುವ ವೈರಸ್ಸು ಇನ್ನೊಬ್ಬರಿಗೆ ದಾಟುವುದನ್ನಂತೂ ತಡೆಯುವುದೇ ಇಲ್ಲ. ಫಾರ್ವರ್ಡ್‌ನ ಮೂರು ಮಾತುಗಳಲ್ಲಿ ಮೊದಲನೆಯದು ಉತ್ಪ್ರೇಕ್ಷೆ, ಎರಡನೆಯದು ಹುಚ್ಚು ಧೈರ್ಯ, ಮೂರನೆಯದು ಅಪಾಯ. ಹೇಗೆಂದು ನೋಡೋಣ.

ಏನಾದರೂ ಒಂದು ತಿರುಗಲೇಬೇಕು

ಸುಳ್ಯ, ಸುಬ್ರಹ್ಮಣ್ಯ ಭಾಗದವರಿಗೆ ಇದನ್ನು ವಿವರಿಸಲು ರಬ್ಬರ್ ಮರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಿರಲಿ, ಮನೆಯ ಹಿಂದಿನ ಗುಡ್ಡೆಯಲ್ಲಿರುವ ನಾಲ್ಕು ಸಾಲು ಮರಗಳಿರಲಿ, ಟ್ಯಾಪಿಂಗ್ ಮಾಡುವವರ ಕೆಲಸ ಒಂದೇ: ತೊಗಟೆಯ ತೆಳು ಪದರವನ್ನು ಮಾತ್ರ ಕೆರೆದು ತೆಗೆಯುವುದು. ಕತ್ತಿ ಕಡಿಮೆ ಆಳಕ್ಕೆ ಹೋದರೆ ಹಾಲು ಸರಿಯಾಗಿ ಬರುವುದಿಲ್ಲ. ಒಂದಿಷ್ಟು ಜಾಸ್ತಿ ಹೋಗಿ ತೊಗಟೆಯೊಳಗಿನ ಬೆಳೆಯುವ ಪದರಕ್ಕೆ ತಾಗಿದರೆ ಮರಕ್ಕೆ ಗಾಯ, ಮುಂದೆ ಅಲ್ಲಿ ತೊಗಟೆ ಗಂಟು ಗಂಟಾಗಿ ಬೆಳೆಯುತ್ತದೆ. ಆ ಪದರದ ಮೇಲೆ ಸುಮಾರು 1 ಮಿಲಿಮೀಟರ್ ತೊಗಟೆ ಉಳಿಯಬೇಕು. ಇಷ್ಟು ನಾಜೂಕಾದ ಕೆಲಸವನ್ನು ಬೆಳಗಿನ ಜಾವ ತಲೆಗೆ ಕಟ್ಟಿದ ಲೈಟಿನ ಬೆಳಕಿನಲ್ಲಿ ನೂರಾರು ಮರಗಳಿಗೆ ಮಾಡುತ್ತಾರೆ.

ಅನುಭವಿ ಟ್ಯಾಪರ್‌ಗಳ ಕಾಲನ್ನು ಗಮನಿಸಿದ್ದೀರಾ? ಮರದ ಕಾಂಡ ದುಂಡಗಿದೆ. ಕತ್ತಿಯ ಕೋನ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು. ಮರವಂತೂ ತಿರುಗುವುದಿಲ್ಲ. ಆದ್ದರಿಂದ ಅವರು ಮಣಿಕಟ್ಟನ್ನು ತಿರುಚುವುದರ ಬದಲು ಮರದ ಸುತ್ತ ಹೆಜ್ಜೆ ಇಡುತ್ತಾ ಹೋಗುತ್ತಾರೆ. ಕತ್ತಿ, ಕೈ, ಮೈ ಎಲ್ಲ ಒಟ್ಟಿಗೆ ತಿರುಗುತ್ತವೆ.

ಸೆಲೂನ್‌ನಲ್ಲೂ ಇದೇ ನಡೆಯುತ್ತದೆ. ಕ್ಷೌರಿಕರು ನಿಮ್ಮ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ಹೊರಳಿಸುತ್ತಾರೆ, ಕುರ್ಚಿಯ ಹಿಂಬದಿ ಬಗ್ಗಿಸುತ್ತಾರೆ, ತಾವೇ ಕುರ್ಚಿಯ ಸುತ್ತ ಬರುತ್ತಾರೆ, ಇನ್ನೊಂದು ಕೈಯ ಬೆರಳಿನಿಂದ ಚರ್ಮ ಎಳೆದು ಹಿಡಿಯುತ್ತಾರೆ. ಇದೆಲ್ಲ ಬ್ಲೇಡ್ ಮತ್ತು ಚರ್ಮದ ನಡುವಿನ ಕೋನ ಬದಲಾಗದಿರಲಿ ಎಂದು.

ಕೆನ್ನೆಯಿಂದ ದವಡೆ ದಾಟಿ ಕುತ್ತಿಗೆಗೆ ಇಳಿಯುವಾಗ ಮುಖದ ಮೇಲ್ಮೈ ಬಹುತೇಕ ಲಂಬಕೋನದಷ್ಟು ತಿರುಗುತ್ತದೆ. ಅಲ್ಲಿ ಏನಾದರೂ ಒಂದು ತಿರುಗಲೇಬೇಕು: ಮುಖ, ಕೈ, ಇಲ್ಲವೇ ರೇಜರಿನ ತಲೆ. ಓಲಾಡುವ ತಲೆಯ ವಿನ್ಯಾಸ ಮಾಡಿದ್ದು ಇಷ್ಟೇ. ಮಣಿಕಟ್ಟು ಮಾಡಬೇಕಾಗಿದ್ದ ತಿರುಗುವಿಕೆಯ ಒಂದು ಭಾಗವನ್ನು ಹಿಡಿಯ ತುದಿಯ ಸಣ್ಣ ಕೀಲಿಗೆ ವಹಿಸಿತು.

ಕೀಲಿನೊಳಗೆ ಏನಿದೆ?

ರೇಜರಿನ ತಲೆಯನ್ನು ಬದಿಯಿಂದ ನೋಡಿ. ಮುಂದೆ ಒಂದು ಪ್ಲಾಸ್ಟಿಕ್ ಅಥವಾ ರಬ್ಬರ್ ಅಂಚು ಇರುತ್ತದೆ. ಇದು ಕಾವಲು ಅಂಚು. ಹಿಂದೆ ಜಾರುವ ಪಟ್ಟಿ ಇರುವ ಇನ್ನೊಂದು ಅಂಚು. ಇವೆರಡರ ನಡುವೆ ಬ್ಲೇಡ್. ಮುಂದಿನ ಮತ್ತು ಹಿಂದಿನ ಅಂಚು ಎರಡೂ ಚರ್ಮಕ್ಕೆ ತಾಗಿದ್ದರೆ ಬ್ಲೇಡ್ ಎಷ್ಟು ಹೊರಚಾಚಬೇಕೋ ಅಷ್ಟೇ ಚಾಚಿರುತ್ತದೆ. ಹಿಂದಿನ ಅಂಚು ಮಾತ್ರ ತಾಗಿದರೆ ಬ್ಲೇಡ್ ಕೂದಲಿಗೆ ಸಿಗದೆ ಮೇಲೆಯೇ ಜಾರುತ್ತದೆ. ಮುಂದಿನ ಅಂಚು ಮಾತ್ರ ತಾಗಿ ಹಿಂಬದಿ ಎದ್ದರೆ ಬ್ಲೇಡ್ ನೆಟ್ಟಗಾಗಿ ಚರ್ಮವನ್ನು ಕೆರೆಯುತ್ತದೆ. ಉರಿ, ಕೆಂಪು ಗುಳ್ಳೆ, ಗೀರು ಇವುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಶುರು.

ಓಲಾಡುವ ತಲೆ ಎರಡೂ ಅಂಚು ಚರ್ಮಕ್ಕೆ ಅಂಟಿಕೊಂಡಿರುವಂತೆ ತಾನೇ ಹೊಂದಿಕೊಳ್ಳುತ್ತದೆ. ಒಳಗೆ ಒಂದು ಸಣ್ಣ ಸ್ಪ್ರಿಂಗ್ ಅಥವಾ ಬಾಗುವ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಬೆರಳಿನಿಂದ ತಲೆಯನ್ನು ಬಗ್ಗಿಸಿ ಬಿಟ್ಟರೆ ಅದು ಮೊದಲಿನ ಜಾಗಕ್ಕೆ ವಾಪಸು ಬರುವುದು ಇದರಿಂದ. ವಿನ್ಯಾಸ ಮಾಡುವವರ ತಲೆನೋವು ಇರುವುದೂ ಇಲ್ಲಿಯೇ. ಸ್ಪ್ರಿಂಗ್ ಗಟ್ಟಿಯಾದರೆ ಕೀಲು ಇದ್ದೂ ಇಲ್ಲದಂತೆ, ದವಡೆಯ ಮೂಳೆಯ ಮೇಲೆ ಬ್ಲೇಡ್ ಒತ್ತುತ್ತದೆ. ಸಡಿಲವಾದರೆ ಮೂಗಿನ ಕೆಳಗೆ, ಕಿವಿಯ ಪಕ್ಕ ಬ್ಲೇಡ್ ಎಲ್ಲಿದೆ ಎಂದು ಕೈಗೆ ಗೊತ್ತಾಗುವುದಿಲ್ಲ, ತಲೆ ತೊನೆದಾಡುತ್ತದೆ. ಕೀಲಿನ ಅಕ್ಷ ತಲೆಯ ನಡುವೆ ಇರಬೇಕೋ ಮುಂದಿನ ಅಂಚಿನ ಹತ್ತಿರ ಇರಬೇಕೋ ಎನ್ನುವುದೂ ಮುಖ್ಯ. ನೀವು ಒತ್ತಿದ ಒತ್ತಡ ಕಾವಲು ಅಂಚಿಗೆ ಎಷ್ಟು, ಬ್ಲೇಡಿಗೆ ಎಷ್ಟು ಹಂಚಿಹೋಗುತ್ತದೆ ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಇನ್ನು ಈ ಕೀಲು ಏನು ಮಾಡಲಾರದು? ಹಣ್ಣಾದ ಟೊಮೆಟೊ ಮೇಲೆ ಚಾಕುವನ್ನು ಸುಮ್ಮನೆ ಇಟ್ಟು ಮೆಲ್ಲಗೆ ಒತ್ತಿ. ಸಿಪ್ಪೆ ತಗ್ಗುತ್ತದೆ, ಕೊಯ್ಯುವುದಿಲ್ಲ. ಅದೇ ಚಾಕುವನ್ನು ಕೂದಲೆಳೆಯಷ್ಟು ಉದ್ದಕ್ಕೆ ಎಳೆಯಿರಿ, ಕೂಡಲೇ ಕೊಯ್ಯುತ್ತದೆ. ರೇಜರ್ ಗಾಯಗಳಲ್ಲಿ ನೆಟ್ಟಗೆ ಗೆರೆ ಎಳೆದಂತೆ ಆಗುವವು ಬ್ಲೇಡ್ ತನ್ನ ಅಂಚಿನ ಗುಂಟ ಅಡ್ಡಕ್ಕೆ ಜಾರಿದಾಗ ಆಗುವಂಥವು. ಸಾಮಾನ್ಯ ಕೀಲು ಮೇಲೆ ಕೆಳಗೆ ಓಲಾಡುತ್ತದೆಯೇ ಹೊರತು ಅಡ್ಡ ಜಾರುವಿಕೆಯನ್ನು ತಡೆಯುವುದಿಲ್ಲ. 2014ರಲ್ಲಿ ಜಿಲೆಟ್ ಕಂಪನಿ ಗುಂಡಿನಂಥ ಕೀಲಿರುವ, ಎಡ ಬಲಕ್ಕೂ ವಾಲುವ 'ಫ್ಲೆಕ್ಸ್‌ಬಾಲ್' ಹಿಡಿಯನ್ನು ತಂದಿತು. ಅದು ಕೂಡ ವಾಲುತ್ತದೆ, ಅಷ್ಟೇ. ಸೋಪಿನ ಕೈ ಜಾರಿದರೆ ಯಾವ ಕೀಲೂ ಕಾಯದು.

ಕತ್ತಿಗೆ ಮರದ ಕವಚದಿಂದ ಐದು ಬ್ಲೇಡಿನವರೆಗೆ

ಗಾಯವಾಗದ ಕ್ಷೌರದ ಹುಡುಕಾಟ ಹಳೆಯದು. 1760ರ ದಶಕದಲ್ಲಿ ಪ್ಯಾರಿಸ್‌ನ ಕತ್ತಿ ತಯಾರಕ ಜಾನ್ ಜಾಕ್ ಪೆರೆ ಕ್ಷೌರದ ಕತ್ತಿಗೆ ಮರದ ಕವಚ ತೊಡಿಸಿದ. ಅಂಚು ಮಾತ್ರ ಚೂರು ಹೊರಗೆ ಕಾಣುತ್ತಿತ್ತು. ಬಡಗಿಯ ಉಜ್ಜುಗೊರಡು, ಅಂದರೆ ನಮ್ಮ ಕರಾವಳಿಯ ಕೀಸುಳಿ, ಮರದ ತೆಳು ಸಿಪ್ಪೆಯನ್ನಷ್ಟೇ ತೆಗೆಯುವುದು ಇದೇ ಉಪಾಯದಿಂದ. ಬ್ಲೇಡ್ ಎಷ್ಟು ಹೊರಚಾಚುತ್ತದೋ ಅಷ್ಟೇ ಆಳ.

ಬಿಸಾಡುವ ತೆಳು ಬ್ಲೇಡಿನ ರೇಜರನ್ನು ಮಾರುಕಟ್ಟೆಗೆ ತಂದವರು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರ್ ಮತ್ತು 168 ಬ್ಲೇಡ್. ಮರುವರ್ಷ 90 ಸಾವಿರ ರೇಜರ್ ದಾಟಿತು. ನಮ್ಮ ಅಜ್ಜಂದಿರ ಸ್ನಾನದ ಕೋಣೆಯಲ್ಲಿ ಕಾಣುತ್ತಿದ್ದ, ಹಿಡಿ ತಿರುಗಿಸಿ ಬ್ಲೇಡ್ ಹಾಕುವ ಲೋಹದ ರೇಜರ್ ಇದೇ ವಂಶದ್ದು. ಅದರಲ್ಲಿ ತಲೆ ಅಲ್ಲಾಡುವುದಿಲ್ಲ. ಸುಮಾರು 30 ಡಿಗ್ರಿ ಕೋನವನ್ನು ಕೈಯೇ ಹುಡುಕಿಕೊಳ್ಳಬೇಕು. ಅಭ್ಯಾಸವಾದವರಿಗೆ ಅದು ತೊಂದರೆಯೇ ಅಲ್ಲ.

ಎರಡು ಬ್ಲೇಡಿನ 'ಟ್ರ್ಯಾಕ್ 2' ಬಂದದ್ದು 1971ರಲ್ಲಿ. ಓಲಾಡುವ ತಲೆ ಜನಪ್ರಿಯವಾದದ್ದು 1977ರ 'ಆಟ್ರಾ' ರೇಜರಿನಿಂದ. ಅದಾದ ಮೇಲೆ ಕಂಪನಿಗಳು ಬ್ಲೇಡ್ ಎಣಿಸತೊಡಗಿದವು. ಇಲ್ಲೊಂದು ತಮಾಷೆ ಇದೆ. 1975ರಲ್ಲಿ ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ಹಾಸ್ಯ ಕಾರ್ಯಕ್ರಮ, ಎರಡು ಬ್ಲೇಡಿನ ಜಾಹೀರಾತುಗಳನ್ನು ಗೇಲಿ ಮಾಡಲು ಮೂರು ಬ್ಲೇಡಿನ ರೇಜರಿನ ಸುಳ್ಳು ಜಾಹೀರಾತು ಮಾಡಿತ್ತು. 1998ರಲ್ಲಿ 'ಮ್ಯಾಕ್ 3' ನಿಜವಾಗಿಯೇ ಬಂತು. 2004ರಲ್ಲಿ 'ದಿ ಆನಿಯನ್' ಎಂಬ ವಿಡಂಬನೆಯ ಪತ್ರಿಕೆ ಐದು ಬ್ಲೇಡಿನ ಬಗ್ಗೆ ಜೋಕ್ ಬರೆಯಿತು. 2006ರಲ್ಲಿ ಐದು ಬ್ಲೇಡಿನ 'ಫ್ಯೂಷನ್' ಅಂಗಡಿಗೆ ಬಂತು. ಇಂದಿನ ಸುಳ್ಳು ಫಾರ್ವರ್ಡ್ ನಾಳಿನ ಉತ್ಪನ್ನವಾಗಲೂಬಹುದು, ಹೇಳಲಾಗದು.

ಹೆಚ್ಚು ಬ್ಲೇಡ್ ಇದ್ದರೆ ಹೆಚ್ಚು ಸುರಕ್ಷಿತವೇ? ಒತ್ತಡ ಹಲವು ಅಂಚುಗಳಿಗೆ ಹಂಚಿಹೋಗುತ್ತದೆ, ಚರ್ಮ ಬ್ಲೇಡುಗಳ ನಡುವೆ ಉಬ್ಬುವುದು ಕಡಿಮೆಯಾಗುತ್ತದೆ ಎನ್ನುವುದು ನಿಜ. ಆದರೆ ಒಂದೇ ಎಳೆತಕ್ಕೆ ಚರ್ಮದ ಮೇಲೆ ಐದು ಅಂಚು ಹಾದುಹೋಗುತ್ತವೆ. ಮೊದಲ ಬ್ಲೇಡ್ ಕೂದಲನ್ನು ಎಳೆದು ಎತ್ತಿದಾಗ ಹಿಂದಿನದು ಅದನ್ನು ಬುಡದಲ್ಲಿ ಕತ್ತರಿಸುತ್ತದೆ. ತುಂಡಾದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿಯುತ್ತದೆ. ಗುಂಗುರು ಗಡ್ಡದವರಲ್ಲಿ ಅದು ಹೊರಗೆ ಬರುವ ದಾರಿ ತಪ್ಪಿ ಒಳಗೇ ಬೆಳೆದು ಗುಳ್ಳೆಯಾಗುತ್ತದೆ. ಅಂಥವರಿಗೆ ಚರ್ಮವೈದ್ಯರು ಬ್ಲೇಡ್ ಕಡಿಮೆ ಇರುವ ರೇಜರ್ ಅಥವಾ ಟ್ರಿಮ್ಮರ್ ಹೇಳುವುದು ಇದಕ್ಕೇ. ಬ್ಲೇಡಿನ ಸಂಖ್ಯೆ ನುಣುಪಿನ ಲೆಕ್ಕ. ಸುರಕ್ಷತೆಯ ಲೆಕ್ಕ ಬೇರೆ.

ಒಂದು ಚೊಂಬು ನೀರು, ಕೈಗನ್ನಡಿ

ಇದನ್ನು ಭಾರತದಲ್ಲಿ ದುಬಾರಿ ಪಾಠವಾಗಿ ಕಲಿತದ್ದು ಅದೇ ಜಿಲೆಟ್. 2002ರಲ್ಲಿ 'ವೆಕ್ಟರ್' ಎಂಬ ರೇಜರನ್ನು ಇಲ್ಲಿಗೆ ತರುವ ಮೊದಲು ಕಂಪನಿ ಅದನ್ನು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ಕೇಳಿತು. ಎಲ್ಲರೂ ಚೆನ್ನಾಗಿದೆ ಎಂದರು. ಇಲ್ಲಿ ಬಂದು ನೋಡಿದರೆ ಕೂದಲು ಸಿಕ್ಕಿಕೊಂಡು ರೇಜರ್ ಕಟ್ಟಿಕೊಳ್ಳುತ್ತಿತ್ತು. ಅಲ್ಲಿಯ ವಿದ್ಯಾರ್ಥಿಗಳಿಗೆ ನಲ್ಲಿಯ ಹರಿಯುವ ನೀರಿತ್ತು. ಇಲ್ಲಿ ಲಕ್ಷಾಂತರ ಮಂದಿ ಶೇವ್ ಮಾಡುತ್ತಿದ್ದದ್ದು ಒಂದು ಲೋಟ ನೀರಿನಲ್ಲಿ. ಸಂವಹನ ಓದಿ ಬಂದ ನಮಗೆ ಈ ಕಥೆ ಬಹಳ ಇಷ್ಟ. ಯಾರನ್ನು ಕೇಳಿದೆವು ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಜಿಲೆಟ್ ಕಂಪನಿ 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೈಗೆ ಹೋಯಿತು. ಆಮೇಲೆ ಹೊಸ ತಂಡ ಭಾರತದ ಮನೆಗಳಿಗೇ ಬಂದು, ಸಾವಿರಕ್ಕೂ ಹೆಚ್ಚು ಗಂಡಸರು ಹೇಗೆ ಗಡ್ಡ ತೆಗೆಯುತ್ತಾರೆ ಎಂದು ಕೂತು ನೋಡಿತು. ನೆಲದ ಮೇಲೆ ಕುಳಿತು, ಮಂದ ಬೆಳಕಿನಲ್ಲಿ, ಒಂದು ಕೈಯಲ್ಲಿ ಕನ್ನಡಿ ಹಿಡಿದು, ಪಕ್ಕದಲ್ಲಿ ಸ್ವಲ್ಪ ನೀರಿಟ್ಟುಕೊಂಡು. ಕೊಲ್ಲಮೊಗ್ರುವಿನಂಥ ಊರಿನಲ್ಲಿ ನೀರಿಗೆ ಬರವಿಲ್ಲ. ಆದರೂ ಜಗಲಿಯಲ್ಲಿ ಬೆಳಕು ನೋಡಿ ಕೂತು, ಚೊಂಬು ಪಕ್ಕದಲ್ಲಿಟ್ಟು, ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ತೆಗೆಯುವವರು ಎಲ್ಲ ಊರಲ್ಲೂ ಇದ್ದಾರೆ. ಇವರಿಗೆ ಬೇಕಾಗಿದ್ದದ್ದು ಮಗುವಿನ ಕೆನ್ನೆಯಂಥ ನುಣುಪಲ್ಲ. ಗಾಯವಾಗಬಾರದು, ಅಷ್ಟೇ.

2010ರಲ್ಲಿ ಬಂದ 'ಗಾರ್ಡ್' ರೇಜರ್ ಈ ನೋಟದ ಫಲ. ಅದರಲ್ಲಿ ಒಂದೇ ಬ್ಲೇಡ್. ಬ್ಲೇಡಿನ ಮುಂದೆ ಬಾಚಣಿಗೆಯಂಥ ಹಲ್ಲಿನ ಸಾಲು, ಇದು ಚರ್ಮ ಉಬ್ಬಿ ಬ್ಲೇಡಿಗೆ ಸಿಗದಂತೆ ತಡೆಯಲು. ಲೋಟದ ನೀರಿನಲ್ಲಿ ಅದ್ದಿದರೂ ಕೂದಲು ಬಿಟ್ಟುಹೋಗುವಂತೆ ತೆರೆದ ಜಾಗ. ಒದ್ದೆ ಕೈಗೂ ಹಿಡಿತ ಸಿಗುವ ಗೀರುಗಳ ಹಿಡಿ, ತೂಗುಹಾಕಲು ಅದರ ತುದಿಯಲ್ಲೊಂದು ತೂತು. ಮ್ಯಾಕ್ 3ರಲ್ಲಿ 25 ಬಿಡಿಭಾಗಗಳಿದ್ದರೆ ಇದರಲ್ಲಿ ನಾಲ್ಕು. ಬಂದಾಗ ರೇಜರಿನ ಬೆಲೆ 15 ರೂಪಾಯಿ, ಬದಲಿ ಬ್ಲೇಡಿಗೆ 5 ರೂಪಾಯಿ. ಐದು ಬ್ಲೇಡ್ ಮಾರುತ್ತಿದ್ದ ಕಂಪನಿಯೇ 'ಗಾಯ ಬೇಡ' ಎಂದವರಿಗಾಗಿ ಒಂದು ಬ್ಲೇಡಿಗೆ ಇಳಿಯಿತು ಎಂಬುದನ್ನು ಆ ಫಾರ್ವರ್ಡ್‌ನ ಪಕ್ಕದಲ್ಲಿಟ್ಟು ನೋಡಿ. (ನಾವು ಯಾವ ಕಂಪನಿಯ ರೇಜರನ್ನೂ ಕೊಳ್ಳಿ ಎನ್ನುತ್ತಿಲ್ಲ, ಈ ಬಗೆಯ ರೇಜರ್‌ಗಳು ಬೇರೆ ಹೆಸರುಗಳಲ್ಲೂ ಸಿಗುತ್ತವೆ.)

ಹಿಡಿ ಎಂಬ ಮರೆತ ಭಾಗ

ಜಾಹೀರಾತುಗಳು ಯಾವಾಗಲೂ ಬ್ಲೇಡನ್ನು ದೊಡ್ಡದು ಮಾಡಿ ತೋರಿಸುತ್ತವೆ. ಕೈ ಹಿಡಿಯುವುದು ಮಾತ್ರ ಹಿಡಿಯನ್ನು. ನಮ್ಮ ಅಭಿಪ್ರಾಯದಲ್ಲಿ, ಮನೆಯ ಬಳಕೆಯಲ್ಲಿ ಸುರಕ್ಷತೆಯ ಅರ್ಧ ಪಾಲು ಅಲ್ಲಿದೆ.

ತೆಳುವಾದ, ನುಣ್ಣನೆಯ ಹಿಡಿಯನ್ನು ಸೋಪಿನ ಕೈಯಲ್ಲಿ ಹಿಡಿದಾಗ ಜಾರುವ ಭಯಕ್ಕೆ ನಾವು ಗೊತ್ತಿಲ್ಲದೇ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದ ಕೈ ಚರ್ಮದ ಮೇಲೆ ಹೆಚ್ಚು ಒತ್ತುತ್ತದೆ, ಬೆರಳಿನ ಸೂಕ್ಷ್ಮ ಸ್ಪರ್ಶವೂ ಕಡಿಮೆಯಾಗುತ್ತದೆ. ಹಿಡಿ ಸ್ವಲ್ಪ ದಪ್ಪಗಿದ್ದು, ನೀರು ಇಳಿದುಹೋಗುವಂಥ ಗೀರುಗಳಿದ್ದರೆ ಸಡಿಲವಾಗಿ ಹಿಡಿದರೂ ಸಾಕು. ಅಡಿಕೆ ಸುಲಿದು, ಹಾರೆ ಪಿಕ್ಕಾಸು ಹಿಡಿದು ಅಂಗೈ ದಡ್ಡುಗಟ್ಟಿದವರಿಗೆ, ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ, ಕೈ ನಡುಗುವ ಹಿರಿಯರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ದುಬಾರಿ ಹಿಡಿಯೇ ಬೇಕೆಂದಿಲ್ಲ. ಹಳೇ ಸೈಕಲ್ ಟ್ಯೂಬಿನ ತುಂಡನ್ನು ಹಿಡಿಗೆ ಬಿಗಿಯಾಗಿ ತೊಡಿಸಿದರೆ ಅಥವಾ ಅಗಲದ ರಬ್ಬರ್ ಬ್ಯಾಂಡನ್ನು ಸುತ್ತಿದರೆ ದಪ್ಪವೂ ಆಯಿತು, ಹಿಡಿತವೂ ಬಂತು. ಆಗಾಗ ತೆಗೆದು ತೊಳೆದು ಒಣಗಿಸಿ. ನಮ್ಮ ಮಳೆಗಾಲದಲ್ಲಿ ಅದರಡಿ ಬೂಷ್ಟು ಹಿಡಿಯಲು ವಾರ ಸಾಕು. ಬ್ಲೇಡಿನ ತಲೆಗೆ ಮಾತ್ರ ಕೈ ಹಾಕಬೇಡಿ. ಕಾರ್ಟ್ರಿಜ್ ಬಿಚ್ಚಿ ಬ್ಲೇಡ್ ತೆಗೆಯುವ, ಕಾವಲು ಅಂಚನ್ನು ಉಜ್ಜಿ 'ಇನ್ನೂ ನುಣ್ಣಗೆ' ಮಾಡುವ ವಿಡಿಯೋಗಳನ್ನು ಅಲ್ಲಿಗೇ ಬಿಡಿ. ಆ ಅಂಚು ಇರುವುದೇ ನಿಮ್ಮನ್ನು ಕಾಯಲು.

ಬ್ಲೇಡ್ ಮೊಂಡಾದರೂ ಕೈ ಹೆಚ್ಚು ಒತ್ತುತ್ತದೆ. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಬ್ಲೇಡನ್ನು ಹೇಗೆ ಹಾಳುಮಾಡುತ್ತದೆ ಎಂದು ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿ, 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅಂಚು ನಿಧಾನಕ್ಕೆ ಸವೆದು ದುಂಡಗಾಗುತ್ತದೆ ಎಂದು ನಾವೆಲ್ಲ ಭಾವಿಸಿದ್ದೆವು. ಅವರು ಕಂಡದ್ದು ಅಂಚಿನಿಂದ ಸಣ್ಣ ಸಣ್ಣ ಚೂರು ಕಿತ್ತುಹೋಗುವುದನ್ನು. ಅದೂ ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ಸಿಕ್ಕಾಗ. ಬ್ಲೇಡಿನ ಬಾಳಿಕೆಯಲ್ಲೂ ಕೋನಕ್ಕೆ ಪಾತ್ರವಿದೆ ಎಂದಾಯಿತು. ಮನೆಯ ಮಟ್ಟಿಗೆ ಮಾಡಬಹುದಾದದ್ದು ಸುಲಭ: ಎರಡು ಮೂರು ನಿಮಿಷ ಬೆಚ್ಚಗಿನ ನೀರಿನ ಬಟ್ಟೆ ಒತ್ತಿ ಇಟ್ಟರೆ ಕೂದಲು ನೀರು ಹೀರಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಇಳಿಯುತ್ತದೆ.

ಇನ್ನೊಬ್ಬರ ಗಡ್ಡ ತೆಗೆಯುವಾಗ

ನಿಮ್ಮ ಗಡ್ಡ ನೀವೇ ತೆಗೆಯುವಾಗ ಎರಡು ಕಡೆಯಿಂದ ಸುದ್ದಿ ಬರುತ್ತಿರುತ್ತದೆ: ಕೈಗೆ ಬ್ಲೇಡಿನ ಒತ್ತಡ ಗೊತ್ತಾಗುತ್ತದೆ, ಮುಖಕ್ಕೂ ಗೊತ್ತಾಗುತ್ತದೆ. ಚುರ್ ಎಂದ ಕೂಡಲೇ ಕೈ ತಾನಾಗಿ ನಿಲ್ಲುತ್ತದೆ, ಕೆನ್ನೆ ತಾನಾಗಿ ಉಬ್ಬಿ ಬಿಗಿಯಾಗುತ್ತದೆ. ಇನ್ನೊಬ್ಬರಿಗೆ ಮಾಡುವಾಗ ಅರ್ಧ ಸುದ್ದಿ ಇಲ್ಲ. ಪಾರ್ಶ್ವವಾಯು ಆದವರಲ್ಲಿ ಮುಖದ ಒಂದು ಬದಿಗೆ ಸ್ಪರ್ಶವೇ ಕಡಿಮೆ ಇರಬಹುದು. ಕೊಯ್ದರೂ 'ಹಾ' ಎನ್ನಲಿಕ್ಕಿಲ್ಲ. ಜೊತೆಗೆ ಮಾರುಕಟ್ಟೆಯ ರೇಜರ್‌ಗಳ ಹಿಡಿ ಸ್ವಂತ ಮುಖಕ್ಕೆ ಬೇಕಾದ ಕೋನದಲ್ಲಿದೆ. ಎದುರು ನಿಂತು ಹಿಡಿದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ.

ಈ ಕೊರತೆ ವಿನ್ಯಾಸಕಾರರಿಗೂ ತಡವಾಗಿ ಹೊಳೆಯಿತು. 2017ರಲ್ಲಿ ಜಿಲೆಟ್ 'ಟ್ರಿಯೊ' ಎಂಬ ರೇಜರನ್ನು, ಆರೈಕೆ ಮಾಡುವವರು ಇನ್ನೊಬ್ಬರಿಗೆ ಶೇವ್ ಮಾಡಲೆಂದೇ ತಯಾರಿಸಿ ಪ್ರಯೋಗಕ್ಕೆ ಬಿಟ್ಟಿತು. ಅಗಲವಾದ, ಬೇರೆ ಕೋನದ ಹಿಡಿ, ಹಿಡಿಯೊಳಗೇ ಜೆಲ್, ಬ್ಲೇಡಿನ ಮುಂದೆ ಬಾಚಣಿಗೆ. ನೂರಾರು ಬಗೆಯ ರೇಜರ್‌ಗಳಿದ್ದರೂ ಇನ್ನೊಬ್ಬರ ಮುಖಕ್ಕೆಂದು ಒಂದನ್ನು ಯೋಚಿಸಲು ಇಷ್ಟು ವರ್ಷ ಬೇಕಾಯಿತು. ಆರೈಕೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಕೊಲ್ಲಮೊಗ್ರುವಿನ ಓದುಗರಿಗೆ ನಮ್ಮ ಉತ್ತರ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೆ ಬ್ಲೇಡಿಗಿಂತ ವಿದ್ಯುತ್ ಶೇವರ್ ಅಥವಾ ಟ್ರಿಮ್ಮರ್ ಒಳ್ಳೆಯದು. ವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆಯೂ ಇದೇ. ಪೂರ್ತಿ ನುಣ್ಣಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಇಲ್ಲದಿರುವ ಊರುಗಳಲ್ಲಿ ಚಾರ್ಜ್ ಆಗುವಂಥದ್ದನ್ನೇ ಕೊಳ್ಳಿ, ಕರೆಂಟ್ ಇದ್ದಾಗ ಚಾರ್ಜ್ ಮಾಡಿಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಣ್ಣ ಗಾಯವೂ ನಿಧಾನಕ್ಕೆ ಮಾಯುತ್ತದೆ, ಸೋಂಕಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಎರಡು ದಿನದ ಗಡ್ಡ ಇದ್ದರೆ ಇರಲಿ ಬಿಡಿ.

ಬ್ಲೇಡ್ ಬಳಸಲೇಬೇಕಾದರೆ ಒಂದೋ ಎರಡೋ ಬ್ಲೇಡಿನ, ಬಾಚಣಿಗೆ ಅಂಚಿನ, ಓಲಾಡುವ ತಲೆಯ, ಹಿಡಿತ ಚೆನ್ನಾಗಿರುವ ರೇಜರ್ ಆರಿಸಿ. ತಲೆದಿಂಬು ಎತ್ತರಿಸಿ ಅವರನ್ನು ಒರಗಿ ಕೂರಿಸಿ. ಎದುರಿಗಿಂತ ಪಕ್ಕದಲ್ಲೋ ಹಿಂದೆಯೋ ನಿಂತರೆ ಕೈ ಸ್ವಂತ ಗಡ್ಡ ತೆಗೆಯುವಾಗಿನ ದಿಕ್ಕಿನಲ್ಲೇ ಚಲಿಸುತ್ತದೆ. ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿಯಿರಿ. ವಯಸ್ಸಾದವರ ಸಡಿಲ ಚರ್ಮದಲ್ಲಿ ಯಾವ ಕೀಲಿಗಿಂತ ಈ ಬೆರಳುಗಳೇ ಹೆಚ್ಚು ಕೆಲಸ ಮಾಡುತ್ತವೆ. ಕೂದಲು ಬೆಳೆದ ದಿಕ್ಕಿಗೇ ಸಣ್ಣ ಸಣ್ಣ ಎಳೆತ. ಕೊಯ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರ ಅಪಾಯ ಗೀರಿಗಿಂತ ಎಷ್ಟೋ ದೊಡ್ಡದು.

ಮನೆಮಂದಿಗೆಲ್ಲ ಒಂದೇ ರೇಜರ್?

ಬೇಡವೇ ಬೇಡ. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿಗೆ ಅಂಟಿದ್ದರೂ ಹೆಪಟೈಟಿಸ್ ಬಿ ವೈರಸ್ ದಾಟಬಹುದು. ದೇಹದ ಹೊರಗೆ, ಒಣಗಿದ ಜಾಗದಲ್ಲೂ ಅದು ಕನಿಷ್ಠ ಏಳು ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಳ್ಳುತ್ತದೆ. ಹೆಪಟೈಟಿಸ್ ಸಿ ಕೂಡ ರೇಜರ್ ಹಂಚಿಕೊಳ್ಳುವುದರಿಂದ ಹರಡಬಲ್ಲದು. ಎಚ್‌ಐವಿ ದೇಹದ ಹೊರಗೆ ಬೇಗ ದುರ್ಬಲವಾಗುತ್ತದೆ. ಹಾಗಿದ್ದರೂ ಸೆಲೂನ್ ಬ್ಲೇಡಿನ ಬಗ್ಗೆ ಬರುವ ಫಾರ್ವರ್ಡ್‌ಗಳು ಎಚ್‌ಐವಿಯನ್ನೇ ಹೆದರಿಸಲು ಬಳಸುತ್ತವೆ, ಹೆಪಟೈಟಿಸ್ ಹೆಸರೇ ಎತ್ತುವುದಿಲ್ಲ.

ಬ್ಲೇಡಿನ ಸಂದುಗಳು ಹೆಚ್ಚಾದಷ್ಟೂ ತೊಳೆಯುವುದು ಕಷ್ಟ. ಐದು ಬ್ಲೇಡಿನ ಕಾರ್ಟ್ರಿಜ್ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಡೆಟಾಲ್ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಎಲ್ಲ ಸತ್ತವು ಎಂದುಕೊಳ್ಳಬೇಡಿ. ಪಟಿಕ ಸಣ್ಣ ಗೀರಿನ ರಕ್ತ ನಿಲ್ಲಿಸಲು ನೆರವಾಗುತ್ತದೆ, ನಿಜ. ಆದರೆ ಒಂದೇ ಪಟಿಕದ ತುಂಡನ್ನು ಎಲ್ಲರ ಗಾಯಕ್ಕೂ ಉಜ್ಜುವುದು ರೇಜರ್ ಹಂಚಿಕೊಂಡಂತೆಯೇ. ಸೆಲೂನ್‌ಗೆ ಹೋದಾಗ ಹೊಸ ಬ್ಲೇಡ್ ಹಾಕಲು ಸಂಕೋಚವಿಲ್ಲದೆ ಕೇಳಿ. ಈಗ ಹೆಚ್ಚಿನವರು ಕೇಳದೆಯೇ ಎದುರಿಗೇ ಹಾಕುತ್ತಾರೆ.

ಇದೇ ಫಾರ್ವರ್ಡ್‌ಗಳ ಬಾಲಕ್ಕೆ ಅಂಟಿಕೊಂಡು ಬರುವ ಇನ್ನೊಂದು ಮಾತು: ಪದೇ ಪದೇ ಶೇವ್ ಮಾಡಿದರೆ ಕೂದಲು ದಪ್ಪವಾಗುತ್ತದೆ. ಇದನ್ನು 1928ರಲ್ಲೇ ಅಮೆರಿಕದ ಅಂಗರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ ನಾಲ್ವರು ಗಂಡಸರ ಗಡ್ಡ ಅಳೆದು ಪರೀಕ್ಷಿಸಿದ್ದರು. ದಪ್ಪವೂ ಆಗಲಿಲ್ಲ, ವೇಗವಾಗಿಯೂ ಬೆಳೆಯಲಿಲ್ಲ. ಚೂಪು ತುದಿ ಕತ್ತರಿಸಿ ಹೋಗಿ ಚಪ್ಪಟೆ ತುದಿ ಹೊರಬರುವುದರಿಂದ ಮುಟ್ಟಿದರೆ ಒರಟು ಎನಿಸುತ್ತದೆ, ಅಷ್ಟೇ.

ಕೊನೆಗೆ, ಬಳಸಿ ಮುಗಿದ ಬ್ಲೇಡ್. ಬಚ್ಚಲಿನ ಮಾಡಿನ ಸಂದಿಗೆ, ತೆಂಗಿನ ಬುಡಕ್ಕೆ, ಗೊಬ್ಬರದ ಗುಂಡಿಗೆ ಎಸೆಯುವ ಅಭ್ಯಾಸ ಹಲವರಲ್ಲಿದೆ. ತೋಟದಲ್ಲಿ ಬರಿಗಾಲಲ್ಲಿ ನಡೆಯುವವರು, ಸೊಪ್ಪು ಎಳೆಯುವ ದನಗಳು, ಪಂಚಾಯಿತಿಯ ಕಸದ ಗಾಡಿಯಲ್ಲಿ ಕೈಯಿಂದ ಕಸ ಬೇರ್ಪಡಿಸುವವರು ಇದ್ದಾರೆ. ಮುಚ್ಚಳವಿರುವ ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಬ್ಲೇಡ್ ತೂರುವಷ್ಟು ಸಂದು ಕೊರೆದು, ಸ್ನಾನದ ಕೋಣೆಯಲ್ಲಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸಂದಿಗೆ ಟೇಪ್ ಸುತ್ತಿ, ಮೇಲೆ 'ಬ್ಲೇಡ್' ಎಂದು ದೊಡ್ಡದಾಗಿ ಬರೆದು, ಒಣಕಸ ಒಯ್ಯಲು ಬಂದವರ ಕೈಗೇ ಕೊಡಿ.